ಕೂರಿಗೆಯ ಬಟ್ಟಲು

ಧಾರವಾಡದ ಸಣ್ಣದೊಂದು ಮ್ಯೂಸಿಯಂ ನನ್ನ ಸುಪರ್ದಿಯಲ್ಲಿದೆ. ಅಲ್ಲಿನ ಬಿತ್ತುವ ಕೂರಿಗೆಯ ಮುಂದೆ ‘ಮುಟ್ಟಬೇಡಿ’ ಎಂಬ ಫಲಕ ನಿಲ್ಲಿಸಿದವನು ನಾನೇ. ಕೂರಿಗೆಯನ್ನು ನೋಡಿ ಹೋಗಿದ್ದ ಸುಳ್ಳ ಗ್ರಾಮದ ಅಜ್ಜಿಯೊಬ್ಬಳು ಮರುವಾರ ಮತ್ತೆ ಬಂದಳು. ಚಪ್ಪಲಿ ಕಳಚಿ, ಕೂರಿಗೆಗೆ ಕೈಮುಗಿದು, ಸೆರಗಿನ ಗಂಟು ಬಿಚ್ಚಿ, ಬೀಜ ಹಾಕುವ ಬಟ್ಟಲಿಗೆ ಹಿಡಿ ಜೋಳ ಸುರಿದಳು. ನನಗೆ ರೇಗಿತು.

“ಏನ್ ಮಾಡಾಕತ್ತೀರಿ ಅವ್ವಾ? ಕಾಳಿಗೆ ಹುಳ ಬೀಳ್ತಾವು, ಕಟಗಿ ಹಾಳಾಗತೈತಿ!”

“ಹುಳ ಬಿದ್ರ ಆರಿಸಿ ಒಗೀರಿ,” ಎಂದಳು ಅಜ್ಜಿ. “ನಮ್ಮ ಮನ್ಯಾಗ ಕೂರಿಗಿ ಬಟ್ಟಲಾ ಖಾಲಿ ಇಡೂದಿಲ್ರಿ. ಇದನ್ನ ಇಷ್ಟ್ ದಿನಾ ಉಪಾಸ ಕೆಡವೀರಲ್ಲ!”

ಆ ಫಲಕ ಈಗಿಲ್ಲ. ವಾರಕ್ಕೊಮ್ಮೆ ಕುಳಿತು ಹುಳ ಆರಿಸುತ್ತೇನೆ. ಜೋಳ ಮಾತ್ರ ನಾನು ತರಬೇಕಾಗಿಲ್ಲ. ನೋಡಲು ಬಂದವರೇ ತರುತ್ತಾರೆ.