ಮಾಷ್ಟ್ರು ಕದ್ದ ಮಂತ್ರಗಾತಿ

ಹಳೇ ಸಂಗತಿ, ಬಿಟ್ಟುಬಿಡಮ್ಮ ಅಂತ ಮಗಳು ಹೇಳುತ್ತಾಳೆ. ಯಾಕೆ ಬಿಡಬೇಕು? ಆ ಮಾಷ್ಟ್ರ ಮುಖ ನೆನಪಾದರೆ ನನಗೆ ಈಗಲೂ ಮೈಯೆಲ್ಲ ಉರಿಯುತ್ತದೆ.

ಅರುವತ್ತರ ದಶಕದ ಮೊದಲ ವರ್ಷಗಳು. ಪುತ್ತೂರಿನ ಹತ್ತಿರ, ಕಬಕದ ನಮ್ಮ ಮನೆಯ ಜಗಲಿಯಲ್ಲಿ ಸಂಜೆ ಚಾ ಆದ ಮೇಲೆ ಏಳು ಜನ ಹೆಂಗಸರು ಬೀಡಿ ಕಟ್ಟಲು ಕೂರುತ್ತಿದ್ದೆವು. ಕೈಗೆ ಕೆಲಸ ಉಂಟು, ಬಾಯಿಗೆ ಇಲ್ಲ. ಹಾಗಾಗಿ ನಾನು ತುಳುವಿನಲ್ಲಿ ಒಂದು ಕಥೆ ಕಟ್ಟಿ ದಿನಕ್ಕಿಷ್ಟು ಹೇಳುತ್ತಿದ್ದೆ. ಮಂತ್ರ ಬಲ್ಲ ಒಬ್ಬಳು ಹೆಂಗಸಿನ ಕಥೆ.

ಮೊದಮೊದಲು ಬಾಯಿಗೆ ಬಂದದ್ದು ಹೇಳಿದೆ. ಮಂತ್ರ ಹಾಕಿದಳು, ಹುಲಿ ಕಲ್ಲಾಯಿತು. ಮಂತ್ರ ಹಾಕಿದಳು, ಹೊಳೆ ದಾರಿ ಬಿಟ್ಟಿತು. ಪಕ್ಕದ ಬ್ಯಾರಿಗಳ ಮನೆಯ ಅಕ್ಕ ಎಲೆ ಕತ್ತರಿಸುತ್ತಲೇ ಕೇಳಿದಳು, “ಅಷ್ಟೆಲ್ಲ ಆಗುದಾದರೆ ಅವಳು ಗಂಡನ ಪೆಟ್ಟು ತಿನ್ನುದು ಯಾಕೆ ಮಾರಾಯ್ತಿ? ಅವನನ್ನೂ ಕಲ್ಲು ಮಾಡ್ಲಿ!” ಎಲ್ಲರೂ ಬಿದ್ದು ಬಿದ್ದು ನಕ್ಕರು.

ಎರಡು ದಿನ ನಾನು ಕಥೆಯೇ ಹೇಳಲಿಲ್ಲ. ಬೆರಳು ಸವೆಸಿ ದುಡಿಯುವವರು ಪುಕ್ಕಟೆ ಸಿಗುವ ಮಂತ್ರವನ್ನು ನಂಬುದಿಲ್ಲ, ಅದು ನನಗೆ ತಲೆಗೆ ಹೋಯಿತು. ಮೂರನೇ ದಿನ ಕಟ್ಟುಪಾಡು ಹಾಕಿದೆ: ಒಂದು ಸಲ ಮಂತ್ರ ಹಾಕಿದರೆ ಅವಳ ನಾಲಗೆಯಿಂದ ಒಂದು ರುಚಿ ಹೋಗುತ್ತದೆ, ಮತ್ತೆ ಬರುದಿಲ್ಲ. ಹುಲಿಗೆ ಉಪ್ಪು ಹೋಯಿತು. ಹೊಳೆಗೆ ಸಿಹಿ ಹೋಯಿತು. ಇನ್ನು ಗಂಡನಿಗಾಗಿ ಹುಳಿಯನ್ನೂ ಕಳಕೊಳ್ಳಬೇಕಾ ಅಂತ ಅವಳು ಯೋಚಿಸುವಾಗ ಜಗಲಿಯಲ್ಲಿ ಜಗಳವೇ ಆಯಿತು. “ಬೇಡ ಬೇಡ, ಅವನಿಗೆ ಅಷ್ಟು ಯೋಗ್ಯತೆ ಇಲ್ಲ,” ಅಂದಳು ಅದೇ ಅಕ್ಕ. ಕಥೆಗೆ ಜೀವ ಬಂದದ್ದು ಆ ದಿನ.

ನಮ್ಮ ಹೊರಗಿನ ಕೋಣೆಯಲ್ಲಿ ಶಾಲೆಯ ಮಾಷ್ಟ್ರೊಬ್ಬರು ಬಾಡಿಗೆಗಿದ್ದರು. ಶಾಲೆ ಬಿಟ್ಟು ಬಂದು ಜಗಲಿಯ ಕಡೆಯ ಕಿಟಿಕಿ ಹತ್ತಿರ ಕೂತು ಬರೆಯುತ್ತಿದ್ದರು. ಪಾಪ, ಮಕ್ಕಳ ಪಾಠ ಬರೆಯುದು ಅಂತ ನಾನೇ ಚಾ ಕೊಟ್ಟದ್ದುಂಟು!

ಒಂದು ದಿನ ಅಕ್ಕ ಓಡಿಕೊಂಡು ಬಂದಳು. ಅವಳ ಗಂಡ ಪುತ್ತೂರಿಂದ ವಾರಪತ್ರಿಕೆ ತಂದು ಓದಿ ಹೇಳಿದ್ದರಂತೆ. “ನಿನ್ನ ಕಥೆ ಮಾರಾಯ್ತಿ! ಹೆಸರು ಮಾತ್ರ ಮಾಷ್ಟ್ರದ್ದು!”

ಓದಿದೆ. ಶುದ್ಧ ಪುಸ್ತಕದ ಕನ್ನಡ, ವಾರ ವಾರ ಬರುವ ಧಾರಾವಾಹಿ. ಹುಲಿ ಇತ್ತು, ಹೊಳೆ ಇತ್ತು, ರುಚಿಗಳೂ ಇದ್ದವು. ನಾನಿರಲಿಲ್ಲ. ಅಪ್ಪನ ಹತ್ತಿರ ಹೇಳಿದರೆ, “ಕಲಿತವರು ನಿನ್ನ ಕಥೆ ಕದಿಯುದಾ? ನಿನಗೆಂತ ಮರುಳಾ?” ಅಂತ ಬೈದರು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳ ಮಾತನ್ನು ಅಪ್ಪನೇ ನಂಬದಿದ್ದರೆ ಇನ್ಯಾರು ನಂಬುತ್ತಾರೆ? ಅವತ್ತೇ ನಿಶ್ಚಯ ಮಾಡಿದೆ, ಈ ಮನುಷ್ಯನ ಮಾನ ತೆಗೆಯದೆ ಬಿಡುದಿಲ್ಲ.

ಬಾವಿಕಟ್ಟೆಯಲ್ಲಿ ಹೆಂಗಸರಿಗೆಲ್ಲ ಹೇಳಿಟ್ಟೆ, ಇವತ್ತು ನಾನು ಎಂತ ಹೇಳಿದರೂ ಹೂಂ ಅನ್ನಿ. ಸಂಜೆ ಕಿಟಿಕಿಗೆ ಕೇಳುವ ಹಾಗೆ ಶುರು ಮಾಡಿದೆ. ಮಂತ್ರಗಾತಿ ಗಂಜಿ ಉಣ್ಣಲು ಕೂತಳು, ಒಂದು ತುತ್ತು ಬಾಯಿಗಿಟ್ಟಳು, “ಉಪ್ಪು ಸಾಲದು” ಅಂತ ಅತ್ತೆಗೆ ಬೈದಳು. ಹೆಂಗಸರು ಹೂಂ ಅಂದರು. ಒಳಗೆ ಪೆನ್ನು ಓಡುತ್ತಾ ಇತ್ತು. ಆ ನಾಲಗೆಯಲ್ಲಿ ಉಪ್ಪೇ ಇಲ್ಲ ಅಂತ ಕದ್ದವನಿಗೆ ಹೊಳೆಯಲಿಲ್ಲ.

ಅದು ಹಾಗೆಯೇ ಅಚ್ಚಾಯಿತು. ಮುಂದಿನ ವಾರ ಪತ್ರಿಕೆಯಲ್ಲಿ ಓದುಗರ ಪತ್ರಗಳು ಬಂದವು: ಉಪ್ಪಿನ ರುಚಿ ಹೋದವಳಿಗೆ ಇದು ಹೇಗೆ ಗೊತ್ತಾಯಿತು, ಲೇಖಕರು ತಮ್ಮ ಕಥೆಯನ್ನು ತಾವೇ ಓದುವುದಿಲ್ಲವೇ? ಶಾಲೆಯಲ್ಲೂ ಉಳಿದ ಮಾಷ್ಟ್ರುಗಳು ತಮಾಷೆ ಮಾಡಿದರಂತೆ. ನನಗೆ ಪಾಯಸ ಉಂಡಷ್ಟು ಖುಷಿ.

ಆ ಸಂಜೆ ಅವರು ಪತ್ರಿಕೆ ಹಿಡಿದುಕೊಂಡೇ ಜಗಲಿಗೆ ನುಗ್ಗಿದರು. ಕೋಪದಲ್ಲಿ ಅವರಿಗೆ ಹೆಂಗಸರೂ ಕಾಣಲಿಲ್ಲ, ಅಂಗಳದಲ್ಲಿ ಸೌದೆ ಒಡೆಯುತ್ತಿದ್ದ ಅಪ್ಪನೂ ಕಾಣಲಿಲ್ಲ.

“ಎಂತ ಮೋಸ ಇದು? ನೀವು ಹೇಳಿದ ಹಾಗೆಯೇ ಬರೆದದ್ದು ನಾನು! ಒಂದಕ್ಷರ ಬದಲು ಮಾಡಲಿಲ್ಲ!”

ಬೀಡಿ ಕಟ್ಟುವ ಕೈಗಳೆಲ್ಲ ನಿಂತವು. ಅಪ್ಪ ಕೊಡಲಿ ಕೆಳಗಿಟ್ಟರು.

“ಇನ್ನೊಮ್ಮೆ ದೊಡ್ಡದಾಗಿ ಹೇಳಿ ಮಾಷ್ಟ್ರೇ,” ಅಂದೆ. “ಅಪ್ಪನಿಗೆ ಸರಿ ಕೇಳಲಿಲ್ಲ.”