ಬೆಳಗಾವಿಗೆ ಹೋಗದ ಅವ್ವ

ಆಗೆಲ್ಲ ಮುಂಬಯಿಯ ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ಜ್ವರ ಬಂದರೆ ಅದು ಒಂದೇ ಮನೆಯ ಜ್ವರವಾಗಿರುತ್ತಿರಲಿಲ್ಲ. ಅಪ್ಪನಿಗೆ ಕಾಮಾಲೆಯಾದಾಗ ಮೂರೂ ಮಾಳಿಗೆಯವರು ಬಂದು ಹೋದರು. ಒಬ್ಬರು ಕಬ್ಬಿನ ಹಾಲು ತಂದರು, ಇನ್ನೊಬ್ಬರು ಮೂಲಂಗಿ ಸೊಪ್ಪು. ಕೆಳಗಿನ ಮನೆಯ ಸರೋಜಕ್ಕ ದಿನಾ ಸ್ಟೀಲ್ ಡಬ್ಬಿಯಲ್ಲಿ ಕುಚಲಕ್ಕಿ ಗಂಜಿ ತರುತ್ತಿದ್ದಳು. ಉಡುಪಿ ಕಡೆಯ ಆಕೆ ಅವ್ವನ ಜೀವದ ಗೆಳತಿ. ಅಪ್ಪನ ಕಾಮಾಲೆ ನನಗಂತೂ ಹೆಚ್ಚುಕಡಿಮೆ ಹಬ್ಬವೇ ಆಗಿತ್ತು.

ಮರುವರ್ಷದ ಮಳೆಗಾಲದಲ್ಲಿ ಅವ್ವ ಕಾಯಿಲೆ ಬಿದ್ದಳು. ನಾನಾಗ ಐದನೇ ಕ್ಲಾಸು. ಮೈ ಬಿಸಿಯಿರಲಿಲ್ಲ, ಕೆಮ್ಮಿರಲಿಲ್ಲ. ಚವಳಿಕಾಯಿ ಸೋಸಲು ಕೂತವಳು ಮಧ್ಯಾಹ್ನದ ತನಕ ಒಂದೇ ಕಾಯಿ ಹಿಡಿದು ಕೂತಿರುತ್ತಿದ್ದಳು. ರೊಟ್ಟಿ ಬಡಿಯುತ್ತ ಅಳುತ್ತಿದ್ದಳು. ನನಗೆ ಜಡೆ ಹಾಕುವುದನ್ನೇ ಬಿಟ್ಟಳು.

"ನಿದ್ದಿ ಹತ್ತವಲ್ದು. ಎದಿ ಮ್ಯಾಲ ಏನೋ ಕುಂತಂಗ ಆಗ್ತೈತಿ" ಎಂದು ಅಪ್ಪನಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ.

"ಉಣ್ಣಾಕೈತಿ, ಉಡಾಕೈತಿ. ಏನು ಕಮ್ಮಿ ಆಗೇತಿ ನಿನಗ?" ಎಂದವರು ಅಪ್ಪ ಅಲ್ಲ, ಅಪ್ಪನ ತಾಯಿ, ನಮ್ಮ ಅಜ್ಜಿ. ಅಪ್ಪ ಪೇಪರಿನ ಪುಟ ತಿರುವಿದರು. ಅದೇ ನನಗೆ ಇನ್ನೂ ಸಿಟ್ಟು.

ಅವ್ವ ಊಟವನ್ನೂ ಬಿಟ್ಟ ಮೇಲೆ ಅಪ್ಪ ಆಕೆಯನ್ನು ದವಾಖಾನೆಗೆ ಕರೆದೊಯ್ದರು. ಅಲ್ಲಿ ಅವಳನ್ನು ಇಟ್ಟುಕೊಂಡರು. ನಮ್ಮ ಮನೆಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆ ದಾರಿ, ಅಷ್ಟೇ.

ಸಂಜೆ ಅಜ್ಜಿ ನನ್ನನ್ನು ಎದುರಿಗೆ ಕೂರಿಸಿಕೊಂಡಳು. "ಯಾರರ ಕೇಳಿದ್ರ, ಅವ್ವ ಬೆಳಗಾವಿಗೆ ಹೋಗ್ಯಾಳ, ತಂಗಿ ಬಾಣಂತನಕ್ಕ, ಅಂತ ಹೇಳು. ತಲಿ ದವಾಖಾನಿ ಅಂತ ಗೊತ್ತಾದ್ರ ನಾಳೆ ನಿನ್ನ ಯಾರು ಮಾಡ್ಕೋತಾರ?"

ಹತ್ತು ವರ್ಷದವಳಿಗೆ ಹೇಳುವ ಮಾತೇ ಅದು? ಆದರೆ ನಾನು ಆ ಕೆಲಸ ಚೆನ್ನಾಗಿ ಮಾಡಿದೆ. ಅಂಗಳದಲ್ಲಿ ಲಗೋರಿ ಆಡುವಾಗ ಸರೋಜಕ್ಕ ಕಿಟಕಿಯಿಂದ ದಿನಾ ಕೇಳುತ್ತಿದ್ದಳು, "ಅಮ್ಮ ಯಾವಾಗ ಬರ್ತಾರೆ ಮಗಾ? ಒಂದು ಫೋನೂ ಇಲ್ಲ ಮಾರಾಯ್ತಿ." ನಾನು ಕೂಸಿಗೆ ತಲೆ ತುಂಬ ಕೂದಲಿದೆ ಎಂದೆ, ಚಿಕ್ಕಮ್ಮನ ಮೂಗೇ ಬಂದಿದೆ ಎಂದೆ. ಚಿಕ್ಕಮ್ಮ ಆಗಿನ್ನೂ ಬಸುರಿಯೂ ಆಗಿರಲಿಲ್ಲ.

ಐದು ವಾರದ ಮೇಲೆ ಒಂದು ಭಾನುವಾರ ಅವ್ವ ಮನೆಗೆ ಬಂದಳು. ಬೆಳಗಾವಿಯ ಸುಳ್ಳು ಅವಳಿಗೆ ಗೊತ್ತಾದದ್ದೇ ಆಗ. ಚಪ್ಪಲಿ ಬಿಡುವ ಮೊದಲೇ ಇನ್ನೊಂದು ನಾಟಕ ಕಾದಿತ್ತು. ಬೆಳಗಾವಿಗೆ ಹೋದವರು ಕುಂದಾ ತರದೆ ಬಂದರೆ ಯಾರು ನಂಬುತ್ತಾರೆ? ಹಾಲು ಬತ್ತಿಸಿ ಮಾಡುವ ಆ ಕಂದು ಸಿಹಿಯನ್ನು ಅಪ್ಪ ಹಿಂದಿನ ದಿನವೇ ದಾದರಿನ ಅಂಗಡಿಯಿಂದ ತಂದಿದ್ದರು. ಡಬ್ಬಿಯ ಮೇಲಿನ ದಾದರ್ ಲೇಬಲ್ಲನ್ನು ನೀರು ಹಚ್ಚಿ, ಉಗುರಿನಿಂದ ಕೆರೆದು ತೆಗೆದವಳು ನಾನು.

"ನಾ ಜರಾ ಅಡ್ಡಾಗ್ತೀನಿ ಅತ್ತಿ" ಎಂದಳು ಅವ್ವ.

"ಮನಿಮನಿಗೆ ಒಂದ್ ಸಲ ಕೊಟ್ಟ ಬಂದು ಆಮ್ಯಾಲ ಮಲಕ್ಕೋ. ಇಲ್ಲಾಂದ್ರ ಮಂದಿ ಏನಂತಾರ?"

ಗುಳಿಗೆಗಳ ಮಂಪರು ಅವಳಿಗಿನ್ನೂ ಇಳಿದಿರಲಿಲ್ಲ. ಡಬ್ಬಿ ನಾನು ಹಿಡಿದೆ, ಚಮಚ ಅವಳು. ಮೂರು ಮಾಳಿಗೆ ಹತ್ತಿಳಿದು ಇಲ್ಲದ ಕೂಸಿನ ಸಿಹಿ ಹಂಚಿದಳು ನಮ್ಮವ್ವ. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಕೊನೆಗೆ ಸರೋಜಕ್ಕನ ಮನೆ. ಆಕೆ ಕುಂದಾ ನೋಡಲೇ ಇಲ್ಲ, ಅವ್ವನ ಮುಖ ನೋಡಿದಳು. "ಎಂತಾಯ್ತು ನಿಮಗೆ? ಹೀಗೆ ಸೊರಗಿದ್ದೀರಲ್ಲ. ಬನ್ನಿ, ಒಳಗೆ ಕೂತ್ಕೊಳ್ಳಿ."

ಅವ್ವನ ಕಣ್ಣು ತುಂಬಿತು. "ಸರೋಜಕ್ಕ, ನಾ ಬೆಳಗಾವಿಗೆ..." ಎಂದು ಶುರು ಮಾಡಿದಳು.

ನಾನು ನಡುವೆ ಬಾಯಿ ಹಾಕಿದೆ. "ರಾತ್ರಿ ಎಲ್ಲಾ ಕೂಸು ಅಳತಿತ್ತಂತ. ಅವ್ವಗ ನಿದ್ದೀನ ಇಲ್ಲ."

ಅವ್ವ ನನ್ನನ್ನೊಮ್ಮೆ ನೋಡಿ ಬಾಯಿ ಮುಚ್ಚಿಕೊಂಡಳು. ಸರೋಜಕ್ಕ ನಕ್ಕು ತಟ್ಟೆ ತರಲು ಒಳಗೆ ಹೋದಳು. ಮನೆಗೆ ಬಂದು ನಡೆದದ್ದನ್ನೆಲ್ಲ ಹೇಳಿದಾಗ ಅಜ್ಜಿ ನನ್ನನ್ನು ಶಾಣ್ಯಾಕಿ ಎಂದು ಹೊಗಳಿದಳು. ಉಳಿದ ಕುಂದಾ ನನಗೇ ಸಿಕ್ಕಿತು, ತಿಂದೆ.

ಅಲ್ಲಿಂದ ಮುಂದೆ ಅವ್ವ ಆ ಐದು ವಾರದ ಮಾತೇ ಎತ್ತಲಿಲ್ಲ. ಗುಳಿಗೆಗಳನ್ನು ಅಕ್ಕಿ ಡಬ್ಬಿಯ ಹಿಂದೆ ಇಟ್ಟುಕೊಂಡು, ಯಾರೂ ಇಲ್ಲದಾಗ ನುಂಗುತ್ತಿದ್ದಳು. ಹೋದ ವರ್ಷ ನನಗೇ ಎದೆ ಹೊಡೆದುಕೊಳ್ಳುವುದು ಶುರುವಾಗಿ, ಲೋಕಲ್ ರೈಲು ಹತ್ತುವುದಕ್ಕೂ ಆಗದೆ, ಮನೋವೈದ್ಯರ ಹತ್ತಿರ ಹೋದೆ. ಅದನ್ನು ಹೇಳಿದಾಗ ಅವ್ವ ಮೊದಲ ಸಲ ಬಾಯಿ ಬಿಟ್ಟಳು.

"ದಿನಾ ನಾಕಕ್ಕ ಭೇಟಿ ಟೈಮು. ಬಾಜೂದಾಕಿಗೆ ಯಾರರ ಬರ್ತಿದ್ರು. ಸರೋಜಕ್ಕ ಬಂದಾಳು ಅಂತ ನಾ ಬಾಗಲಾ ನೋಡ್ತಿದ್ದೆ. ಆಕಿಗೆ ಗೊತ್ತ ಇಲ್ಲ ಅನ್ನೂದು ನನಗೇನು ಗೊತ್ತು?"

ಆ ಬಿಲ್ಡಿಂಗ್ ಈಗಿಲ್ಲ, ಅಲ್ಲಿ ಟವರ್ ಎದ್ದಿದೆ. ಸರೋಜಕ್ಕ ಬೊರಿವಲಿಗೆ ಹೋದಳಂತೆ, ಎಲ್ಲಿ ಎಂದು ಯಾರಿಗೂ ತಿಳಿಯದು. ಅಂದಿನ ಅಕ್ಕಪಕ್ಕದವರ ಪ್ರೀತಿಯನ್ನು ನೆನೆದು ಎಲ್ಲರೂ ಹಲುಬುತ್ತಾರೆ. ನಾನು ಹಲುಬುವುದಿಲ್ಲ. ಕಾಮಾಲೆಗೆ ಸಿಕ್ಕ ಗಂಜಿ ನಮ್ಮವ್ವನಿಗೆ ಸಿಗದಂತೆ ಮಾಡಿದವರು ಹೊರಗಿನವರಲ್ಲ, ನಾವೇ.

"ಅವತ್ತು ಸರೋಜಕ್ಕನ ಬಾಗಲದಾಗ ನೀ ನಡುವ ಮಾತಾಡಿದೆಲ್ಲ," ಹೋದ ವರ್ಷ ಅದೇ ಮಾತಿನ ಕೊನೆಗೆ ಎಂದಳು ಅವ್ವ, "ನಿನಗೂ ನನ್ನ ಸಲುವಾಗಿ ನಾಚಿಕಿ ಐತಿ ಅಂತ ತಿಳಕೊಂಡೆ."

ಇಪ್ಪತ್ತೆರಡು ವರ್ಷ ಅದನ್ನೇ ನಂಬಿಕೊಂಡು ಅವ್ವ ನನಗೆ ಜಡೆ ಹಾಕಿದಳು, ಡಬ್ಬಿ ಕಟ್ಟಿದಳು, ಮದುವೆ ಮಾಡಿ ಕಳಿಸಿದಳು.