ಜೋಡು ಗೋಡೆ

ಮೊನ್ನೆ ಹುರಿದ ಶೇಂಗಾ ಆರಲೆಂದು ಹಳೆಯ ಪೇಪರಿನ ಮೇಲೆ ಹರವಿದ್ದೆ. ಸಿಪ್ಪೆ ತಿಕ್ಕುತ್ತಾ ಕೆಳಗಿನ ಸುದ್ದಿ ಓದುವುದು ನನ್ನ ಚಟ. ಹಾಗಾಗಿ ಲೋಕದ ಸಮಾಚಾರ ನನಗೆ ಯಾವಾಗಲೂ ವಾರ ತಡವಾಗಿ ಬರುತ್ತದೆ. ಬೆಂಗಳೂರಿನಲ್ಲಿ ಇರಲು ಮನೆ ಸಾಲುತ್ತಿಲ್ಲವಂತೆ. ಸಣ್ಣ ಸೈಟಿನಲ್ಲೂ ಇನ್ನೊಂದು ಅಂತಸ್ತು ಏರಿಸಲು ಬಿಡಿ, ನಿಯಮ ಸಡಿಲಿಸಿ ಅಂತ ಒಬ್ಬರು. ಅಕ್ಕಪಕ್ಕದವರ ಗಾಳಿ ಬೆಳಕು ಏನಾಗಬೇಕು ಅಂತ ಇನ್ನೊಬ್ಬರು. ಕೊಟ್ಟೂರಿನಲ್ಲಿ ಕೂತವಳಿಗೆ ಅದೇಕೆ ಎಂದು ನೀವು ಕೇಳಬಹುದು. ಅಲ್ಲಿ ಬಿಡಬೇಕಾದದ್ದು ಸರ್ಕಾರ. ನಮ್ಮ ಓಣಿಯಲ್ಲಿ ಬಿಡಬೇಕಾಗಿದ್ದವಳು ನಾನು. ಬಿಡಲಿಲ್ಲ.

ನಮ್ಮ ಮನೆಗೂ ಪಾರ್ವತಕ್ಕನ ಮನೆಗೂ ನಡುವೆ ಒಂದೇ ಗೋಡೆ. ನನಗೆ ಜ್ವರ ಬಂದಾಗ ಲಟ್ಟಣಿಗೆಯಿಂದ ಎರಡು ಸಲ ಬಡಿದರೆ ಸಾಕು, ಆಕೆ ಗಂಜಿ ಹಿಡಿದು ಬರುತ್ತಿದ್ದಳು. ಶಿವ ಕೊಟ್ಟ ಸಣ್ಣಪುಟ್ಟ ಸುಖಗಳನ್ನು ಎಣಿಸುವಾಗ ಈಗಲೂ ಅದನ್ನೇ ಮೊದಲು ಎಣಿಸುತ್ತೇನೆ.

ಆರೇಳು ವರ್ಷದ ಹಿಂದೆ ಆಕೆಯ ತಂಗಿ ನಾಗವೇಣಿಯ ಗಂಡ ತೀರಿಕೊಂಡ. ನಾಗವೇಣಿಗೆ ಶಾಲೆಯಲ್ಲಿ ಬಿಸಿಯೂಟ ಮಾಡುವ ಕೆಲಸ, ಕಾಲೇಜಿಗೆ ಹೋಗುವ ಒಬ್ಬ ಮಗಳು. ಅವರಿಬ್ಬರಿಗೆಂದು ಪಾರ್ವತಕ್ಕ ತನ್ನ ಮನೆಯ ಮೇಲೆ ಒಂದು ಖೋಲಿ, ಬಚ್ಚಲು ಕಟ್ಟಿಸಲು ಹೊರಟಳು. ಜೋಡು ಗೋಡೆಯಾದ್ದರಿಂದ ಪಕ್ಕದವರ ಒಪ್ಪಿಗೆ ಬರೆಸಿಕೊಂಡು ಬರಲು ಕಚೇರಿಯಲ್ಲಿ ಹೇಳಿದ್ದರು.

"ಒಂದು ಸಹಿ ಹಾಕವ್ವಾ," ಅಂತ ಬಂದಳು.

"ಬಚ್ಚಲ ಯಾವ ಕಡಿ ಬರತೈತಿ ಅಕ್ಕಾ?"

"ಈ ಗ್ವಾಡಿ ಕಡಿನ. ನೀರು ಹರಿಯಾಕ ಬ್ಯಾರೆ ದಾರಿ ಇಲ್ಲ."

ಆ ಗೋಡೆಗೇ ನಮ್ಮ ದೇವರ ಜಗುಲಿ. ಶಿವನ ಪಕ್ಕದಲ್ಲೇ ಬಚ್ಚಲ ನೀರು ಇಳಿಯುವುದೆ? ಆಗುವುದಿಲ್ಲ ಎಂದೆ. ಊಟಕ್ಕೆ ಕೂತಾಗ ನಮ್ಮ ಯಜಮಾನರು ನಕ್ಕರು. "ಕೊಳ್ಳಾಗ ಲಿಂಗ ಕಟ್ಟಿಕೊಂಡು ದಿನಾ ಬಚ್ಚಲಕ್ಕ ಹೋಗ್ತಿ. ಆ ಶಿವ ಏನೂ ಅನ್ನಂಗಿಲ್ಲ. ಗ್ವಾಡಿ ಹತ್ರ ಕುಂತ ಶಿವ ಬ್ಯಾರೆ ಅದಾನೇನು?"

"ನಿಮಗ ಎಲ್ಲಾ ಚಾಷ್ಟಿ," ಎಂದು ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿ ಅವರ ಬಾಯಿ ಮುಚ್ಚಿಸಿದೆ.

ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ, ಪೂರ್ತಿ ಕಾರಣ ದೇವರಲ್ಲ. ಪಾರ್ವತಕ್ಕನ ಮನೆ ಎದ್ದು ನಿಂತರೆ ನಮ್ಮದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಂತೆ ಕಾಣುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳಲಾಗದೆ ಶಿವನನ್ನು ಮುಂದೆ ಮಾಡಿದೆ.

ಪಾರ್ವತಕ್ಕ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. ನಾಗವೇಣಿ ರೈಲು ಹಳಿಯ ಆಚೆ ಬಾಡಿಗೆಗೆ ಹೋದಳು. ಒಬ್ಬ ಮಾಲೀಕರು ಮಗನ ಮದುವೆ ಅಂತ ಬಿಡಿಸಿದರು, ಮುಂದಿನವರು ಗಂಡಸಿಲ್ಲದ ಸಂಸಾರ ಅಂತ ಬಿಡಿಸಿದರು. ಒಂದು ಮಧ್ಯಾಹ್ನ ನಾನು ಸಂತೆಯಲ್ಲಿದ್ದಾಗ ತಾಯಿ ಮಗಳು ಮತ್ತೆ ಮನೆ ಬದಲಿಸುತ್ತಾ ಆ ದಾರಿಯಲ್ಲೇ ಹೊರಟಿದ್ದರು. ತಳ್ಳುಗಾಡಿಯಲ್ಲಿ ಟ್ರಂಕು, ಸಿಲಿಂಡರು. ಹಿಂದೆ ಮಗಳು, ದೇವರ ಪಟಗಳನ್ನು ಹಳೆಯ ಸೀರೆಯಲ್ಲಿ ಸುತ್ತಿ ಎದೆಗೆ ಅವುಚಿಕೊಂಡು ಬಿಸಿಲಲ್ಲಿ ನಡೆಯುತ್ತಿದ್ದಳು. ಆ ದೇವರುಗಳಿಗೆ ಒಂದು ಮೊಳೆ ಹೊಡೆಯುವಷ್ಟು ಗೋಡೆ ಇರಲಿಲ್ಲ. ನಾನು ಕೊತ್ತಂಬರಿ ಆರಿಸುವವಳಂತೆ ಮುಖ ತಿರುಗಿಸಿ ನಿಂತೆ.

ಇದೆಲ್ಲ ನೆನಪಾಗಿ, ಮೊನ್ನೆ ಕೈ ಒರೆಸಿಕೊಂಡು ನೇರ ಪಾರ್ವತಕ್ಕನ ಮನೆಗೆ ಹೋದೆ.

"ಅಕ್ಕಾ, ಈಗ ಕಟ್ಟಸು. ಬರದು ಕೊಡ್ತೀನಿ."

"ಈಗ ಯಾರಿಗಂತ ಕಟ್ಟಸ್ಲೇ ಹುಚ್ಚಿ? ಹುಡುಗಿಗೆ ಹಡಗಲಿಯಾಗ ಕೆಲಸ ಸಿಕ್ಕೈತಿ. ಅವ್ವನ್ನೂ ಕರಕೊಂಡು ಹೋಗ್ಯಾಳ."

ನಾನು ಬಾಗಿಲಲ್ಲೇ ನಿಂತಿದ್ದೆ. ಆಕೆ ಒಳಗೆ ಕರೆದು ಚಹಾ ಕೊಟ್ಟಳು. ಅದೂ ಶಿವನ ದಯೆಯೇ. ಆಮೇಲೆ ತಾನೇ ತಂಗಿಗೆ ಫೋನು ಹಚ್ಚಿ ನನ್ನ ಕೈಗಿಟ್ಟಳು. "ಅಕಿಗೇ ಹೇಳು."

"ಯಾರ್ರಿ?" ಎಂದಳು ನಾಗವೇಣಿ.

ಪಕ್ಕದ ಮನೆಯವಳು ಎಂದೆ. ತಪ್ಪಾಯಿತು ಎನ್ನುವ ಮಾತನ್ನು ಬಾಯಿತುದಿಗೆ ತಂದುಕೊಂಡಿದ್ದೆ.

"ಆರಾಮ ಅದೀರೇನ್ರಿ ಅಕ್ಕಾರ? ನಿಮ್ಮ ಮಣಕಾಲ ನೋವು ಹೆಂಗೈತ್ರಿ?"

"ಕಮ್ಮಿ ಆಗೈತವ್ವಾ," ಎಂದೆ. ಆ ಮಾತು ಹೇಳದೆಯೇ ಫೋನನ್ನು ಪಾರ್ವತಕ್ಕನಿಗೆ ತಿರುಗಿ ಕೊಟ್ಟೆ.